ಮುಂಬಯಿಯ ಮಗುವಿಗೆ ಗಾಡಿಗಿಂತ ಬಟ್ಟೆಯೇ ವಾಸಿ

ಮುಂಬಯಿ: ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ನಮ್ಮಲ್ಲಿದೆ. ಹಸುಗೂಸನ್ನು ಮನೆಯಿಂದ ಹೊರಗೆ ಕರೆದೊಯ್ಯಲು ಯಾವ ಸಾಧನ ಒಳ್ಳೆಯದೆಂದು ಮಹಾನಗರದ ನಮ್ಮ ಯುವ ದಂಪತಿಗಳು ಮಾಲ್‌ನಿಂದ ಮಾಲ್‌ಗೆ ಅಲೆಯುವುದನ್ನು ಕಂಡರೆ ಈ ಗಾದೆ ನೆನಪಾಗದೆ ಇರದು.

ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರಲ್ಲಿ ನೆಲೆಸಿರುವ ಕಾರ್ಕಳ ಮೂಲದ ಕುಟುಂಬವೊಂದರ ಅನುಭವವನ್ನೇ ನೋಡೋಣ. ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊಮ್ಮಗಳ ನಾಮಕರಣಕ್ಕೆ ಬಂಧುಗಳೆಲ್ಲ ಸೇರಿ ದೊಡ್ಡದೊಂದು ಪ್ರ್ಯಾಮ್ ಉಡುಗೊರೆ ಕೊಟ್ಟರು. ಮರಾಠಿಯವರು ಬಾಬಾಗಾಡಿ ಎನ್ನುವ ಆ ಗಾಡಿ ಮನೆಗೆ ಬಂದ ದಿನ ಅಕ್ಕಪಕ್ಕದ ಮಕ್ಕಳೆಲ್ಲ ನೋಡಲು ಬಂದಿದ್ದರು. ಮಗುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಗಂಡ-ಹೆಂಡತಿ ಗಾಡಿ ಸಮೇತ ಮುಲುಂಡ್‌ನ ತವರುಮನೆಗೆ ಹೊರಟರು.

ಮೆಟ್ಟಿಲಲ್ಲಿ ಗಾಡಿಯನ್ನು ಗಂಡ ಹೊತ್ತ, ಮಗುವನ್ನು ಹೆಂಡತಿ ಎತ್ತಿಕೊಂಡಳು. ಕೆಳಗಿಳಿದರೆ ಫುಟ್‌ಪಾತ್‌ನ ತುಂಬ ತರಕಾರಿಯವರು, ಸಾಲಾಗಿ ನಿಲ್ಲಿಸಿದ ಸ್ಕೂಟರ್‌ಗಳು, ಪೇವರ್ ಬ್ಲಾಕ್ ಕಿತ್ತುಹೋದ ಗುಂಡಿಗಳು. ರಸ್ತೆಗಿಳಿದರೆ ರಿಕ್ಷಾಗಳ ಕಾಟ. ಸ್ಟೇಷನ್ನಿನ ಸೇತುವೆಯಲ್ಲಿ ಗಾಡಿ ಮತ್ತೆ ಗಂಡನ ಹೆಗಲೇರಿತು. ಲೋಕಲ್ ನಿಲ್ಲುವುದು ಅರ್ಧ ನಿಮಿಷವೋ ಅದಕ್ಕೂ ಕಡಿಮೆಯೋ. ಗಾಡಿಯನ್ನು ಮಡಚಿ, ಚೀಲ ಹಿಡಿದು, ಮಗುವನ್ನು ಸಂಭಾಳಿಸಿ ಹತ್ತಬೇಕು ಎನ್ನುವಷ್ಟರಲ್ಲಿ ಎರಡು ಲೋಕಲ್ ಹೋಗಿಬಿಟ್ಟವು. ಅಂತೂ ಮುಲುಂಡ್ ಮುಟ್ಟುವಾಗ ಮಗು ಅತ್ತು ಅತ್ತು ನಿದ್ರೆ ಹೋಗಿತ್ತು. ಆ ಇಡೀ ಪ್ರಯಾಣದಲ್ಲಿ ಮಗು ಗಾಡಿಯ ಮೇಲೆ ಕುಳಿತದ್ದು ಹತ್ತು ನಿಮಿಷ ಇದ್ದೀತು. ಉಳಿದಷ್ಟು ಹೊತ್ತು ಗಾಡಿಯೇ ಮನುಷ್ಯರ ಮೇಲೆ ಕುಳಿತಿತ್ತು.

ಮುಂದಿನ ವಾರವೇ ಆಕೆ ಹತ್ತಿ ಬಟ್ಟೆಯ ಸ್ಲಿಂಗ್ ಒಂದನ್ನು ತರಿಸಿಕೊಂಡಳು. ಒಂದು ಭುಜದಿಂದ ಇಳಿದು, ಎದೆಯ ಮುಂದೆ ಮಗುವನ್ನು ಅಪ್ಪಿ, ಬೆನ್ನು ಸುತ್ತಿ ಬಂದು ಎರಡು ಉಂಗುರಗಳಲ್ಲಿ ಬಿಗಿಯಾಗುವ ಉದ್ದನೆಯ ಬಟ್ಟೆ, ಅಷ್ಟೆ. ಎರಡೂ ಕೈ ಖಾಲಿ. ಆದರೆ ಮನೆಯ ಬಾಗಿಲಲ್ಲೇ ಅತ್ತೆ ತಡೆದರು. "ಇದೆಂಥದು, ಕಲ್ಲು ಮಣ್ಣು ಹೊರುವವರ ಹಾಗೆ ಮಗುವನ್ನು ಕಟ್ಟಿಕೊಂಡು ಹೋಗುವುದು? ನೋಡಿದವರು ಏನು ಹೇಳಿಯಾರು?" ಸೊಸೆಯೂ ಸುಮ್ಮನಿರಲಿಲ್ಲ. "ನೋಡಿದವರಿಗೋಸ್ಕರ ಗಾಡಿ ಹೊತ್ತದ್ದು ಸಾಕಲ್ಲವಾ ಅತ್ತೆ?" ಮಗ, ಇಂಥ ಸಂದರ್ಭದಲ್ಲಿ ಎಲ್ಲ ಗಂಡುಮಕ್ಕಳೂ ಮಾಡುವಂತೆ, ಪೇಪರ್ ಓದುತ್ತಿದ್ದ.

ಅತ್ತೆಯ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಸ್ಲಿಂಗ್ ಬೇಡವೆನ್ನುವ ಬಹುತೇಕ ಮನೆಗಳಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಒಳಗಿರುವ ಕಾರಣ ಇದೇ. ಮುಂಬಯಿ, ಪುಣೆಗಳಲ್ಲಿ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಬರುತ್ತಿದ್ದಾರೆ. ಬೆನ್ನಿಗೋ ಸೊಂಟಕ್ಕೋ ಹಳೆಯ ಸೀರೆಯಿಂದ ಮಗುವನ್ನು ಕಟ್ಟಿಕೊಂಡು, ಇಲ್ಲವೇ ಎರಡು ಕಂಬಗಳ ನಡುವೆ ಜೋಲಿ ಕಟ್ಟಿ ಮಲಗಿಸಿ ಕೆಲಸ ಮಾಡುವವರು ಅವರು. ಅವರ ಮಾತೂ ಕನ್ನಡವೇ, ಆದರೆ ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಮಗುವನ್ನು ಬಟ್ಟೆಯಲ್ಲಿ ಕಟ್ಟಿಕೊಂಡರೆ ತಾವೂ ಅವರಂತೆ ಕಂಡೇವು ಎಂಬ ಅಳುಕು ಮಧ್ಯಮ ವರ್ಗದ್ದು. ಹಾಗೆಂದು ಆ ತಾಯಂದಿರ ಜೋಲಿಯನ್ನು ಹಾಡಿ ಹೊಗಳುವುದೂ ಸರಿಯಲ್ಲ. ಸಿಮೆಂಟಿನ ಧೂಳಿನಲ್ಲಿ, ಬಿಸಿಲಿನಲ್ಲಿ ಮಗುವನ್ನು ಇಟ್ಟುಕೊಂಡಿರುವುದು ಅವರಿಗೆ ಆಯ್ಕೆಯಲ್ಲ, ಅನಿವಾರ್ಯ. 1969ರಲ್ಲಿ ದಿಲ್ಲಿಯಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಮೊಬೈಲ್ ಕ್ರೆಶ್ ಆರಂಭಿಸಿದ್ದು ಈ ಸ್ಥಿತಿಯನ್ನು ಕಂಡೇ.

ಇನ್ನು ಪ್ರ್ಯಾಮಿನ ದೊಡ್ಡಸ್ತಿಕೆಯ ಮೂಲ ಹುಡುಕಿದರೆ ಅದು ಹುಟ್ಟಿದ್ದೇ ಅರಮನೆಯಂಥ ಮನೆಯಲ್ಲಿ. 1733ರಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್ ಎಂಬಾತ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ಶಂಖದ ಆಕಾರದ ಪುಟ್ಟ ಗಾಡಿ ಮಾಡಿಕೊಟ್ಟನು. ಅದನ್ನು ಎಳೆಯುವುದು ಆಡಿನಂಥ ಸಣ್ಣ ಪ್ರಾಣಿ. ಓಡಾಡಲು ಎಕರೆಗಟ್ಟಲೆ ತೋಟ. ಮುಂದೆ 1965ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಭಾಗದಲ್ಲಿ ದುಡಿದಿದ್ದ ಎಂಜಿನಿಯರ್ ಓವನ್ ಮೆಕ್ಲಾರೆನ್, ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಗಾಡಿಗೆ ಪೇಟೆಂಟ್ ಕೋರಿದರು. ಭಾರದ ಗಾಡಿಯೊಂದಿಗೆ ಮಗಳು ಮೊಮ್ಮಗುವನ್ನು ಕರೆತಂದು ಪಡುತ್ತಿದ್ದ ಪಾಡು ಅವರ ಕಣ್ಣಿಗೆ ಬಿದ್ದಿತ್ತು. ಡೊಂಬಿವಲಿಯ ಸೇತುವೆ ಹತ್ತಿದವರಿಗೆ ಆ ಅಜ್ಜನ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಅದೇ ದಶಕದ ಇನ್ನೊಂದು ಕತೆ ಇನ್ನೂ ಸ್ವಾರಸ್ಯಕರ. ಆನ್ ಮೂರ್ ಎಂಬ ಅಮೆರಿಕದ ನರ್ಸ್ ಪೀಸ್ ಕೋರ್ ಸೇವೆಯಲ್ಲಿ ಪಶ್ಚಿಮ ಆಫ್ರಿಕಾದ ಟೋಗೋ ದೇಶಕ್ಕೆ ಹೋಗಿದ್ದರು. ಅಲ್ಲಿನ ತಾಯಂದಿರು ಮಗುವನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಸಂತೆ, ಹೊಲ ಎಲ್ಲ ಸುತ್ತುವುದನ್ನೂ ಆ ಮಕ್ಕಳು ನೆಮ್ಮದಿಯಿಂದ ಇರುವುದನ್ನೂ ಕಂಡರು. ಊರಿಗೆ ಮರಳಿ ತಮಗೆ ಮಗಳು ಹುಟ್ಟಿದಾಗ ಹಾಗೆಯೇ ಕಟ್ಟಿಕೊಳ್ಳಲು ನೋಡಿದರು, ಮಗು ಜಾರುತ್ತಿತ್ತು. ಕೊನೆಗೆ ಅವರ ತಾಯಿ ಹೊಲಿದುಕೊಟ್ಟ ಚೀಲವೇ 1969ರಲ್ಲಿ ಪೇಟೆಂಟ್ ಪಡೆದ 'ಸ್ನಗ್ಲಿ'. ಇಂದು ಮಾಲ್‌ಗಳಲ್ಲಿ ಸಾವಿರಾರು ರೂಪಾಯಿಗೆ ಮಾರಾಟವಾಗುವ ಬೇಬಿ ಕ್ಯಾರಿಯರ್‌ಗಳಿಗೆ ದಾರಿ ಮಾಡಿಕೊಟ್ಟದ್ದು ಅದು. ನಮ್ಮ ದೇಶದಲ್ಲೇ ಮಿಜೋರಾಂನ ಹೆಂಗಸರು 'ಪುಆನ್' ಎಂಬ ಕೈಮಗ್ಗದ ಬಟ್ಟೆಯಿಂದ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಅವರಲ್ಲಿ ಯಾರೂ ನಾಚುವುದಿಲ್ಲ.

ಮಗುವನ್ನು ಸದಾ ಎತ್ತಿಕೊಂಡರೆ ಕೈ ರೂಢಿಯಾಗುತ್ತದೆ, ಕೆಳಗೆ ಬಿಟ್ಟರೆ ಅಳುತ್ತದೆ ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ 99 ತಾಯಿ-ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಬೇರೆಯೇ ಹೇಳಿತು. ಅಳು ಹೆಚ್ಚಾಗಿರುವ ಆರನೇ ವಾರದಲ್ಲಿ, ದಿನಕ್ಕೆ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಉಳಿದವಕ್ಕಿಂತ ಶೇ. 43ರಷ್ಟು ಕಡಿಮೆ ಅತ್ತವು. 1995ರಲ್ಲಿ ಲಂಡನ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅಂಥ ಫಲ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಅಳು ನಿಂತೇ ನಿಲ್ಲುತ್ತದೆ ಎಂಬ ಭರವಸೆ ಯಾರೂ ಕೊಡಲಾರರು, ಎತ್ತಿಕೊಂಡದ್ದರಿಂದಲೇ ಮಗು ಕೆಡುತ್ತದೆ ಎನ್ನಲಂತೂ ಆಧಾರವಿಲ್ಲ.

ಇದರ ಜತೆಗೆ 'ಕಾಂಗರೂ ಆರೈಕೆ'ಯನ್ನು ಕಲಸಿಕೊಳ್ಳಬಾರದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಡಾ. ಎಡ್ಗರ್ ರೇ ಅವರು ತೂಕ ಕಡಿಮೆಯ ಶಿಶುಗಳನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಬದುಕಿಸುವ ಕ್ರಮ ಆರಂಭಿಸಿದರು. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಸಿಕ್ಕ ಶಿಶುಗಳಲ್ಲಿ ಸಾವಿನ ಪ್ರಮಾಣ ಕಾಲು ಭಾಗದಷ್ಟು ಕಡಿಮೆಯಾಯಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಸರಕಾರಿ ಆಸ್ಪತ್ರೆಗಳಲ್ಲಿ ವಿಸ್ತರಿಸುವ ಕೆಲಸ ನಡೆದಿದೆ. ಅದು ವೈದ್ಯರ ಕಣ್ಣಳತೆಯ ಚಿಕಿತ್ಸೆ. ಪೇಟೆಯಲ್ಲಿ ಸಿಗುವ ಸ್ಲಿಂಗ್ ಅದಕ್ಕೆ ಬದಲಿಯಾಗದು.

ಇಲ್ಲಿಯೇ ಎಚ್ಚರಿಕೆಯ ಮಾತು ಬರುತ್ತದೆ, ಇದನ್ನು ಮಾತ್ರ ಹಗುರವಾಗಿ ಓದಬಾರದು. 2010ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, ಅದಕ್ಕೆ ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗೆ ಸಂಬಂಧಿಸಿದಂತೆ ಕನಿಷ್ಠ 14 ಶಿಶುಗಳ ಸಾವು ಗಮನಕ್ಕೆ ಬಂದಿದೆ ಎಂದು ಪ್ರಕಟಿಸಿತು. ಅವುಗಳಲ್ಲಿ 12 ನಾಲ್ಕು ತಿಂಗಳೊಳಗಿನವು. ಅದೇ ತಿಂಗಳು ಅಲ್ಲಿನ ಒಂದು ಕಂಪೆನಿ ಸುಮಾರು 10 ಲಕ್ಷ ಸ್ಲಿಂಗ್‌ಗಳನ್ನು ಹಿಂದಕ್ಕೆ ಪಡೆಯಿತು. ಎಳೆಯ ಶಿಶುವಿಗೆ ಕತ್ತು ನಿಂತಿರುವುದಿಲ್ಲ. ಆಳವಾದ ಚೀಲದಂಥ ಬಟ್ಟೆಯಲ್ಲಿ ಮಗು ಮುದುಡಿ ಮಲಗಿದರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮುಚ್ಚುತ್ತದೆ. ಮೂಗು ಬಟ್ಟೆಗೆ ಒತ್ತಿಕೊಂಡರೂ ಅಷ್ಟೇ. ಅಂಥ ಹೊತ್ತಿನಲ್ಲಿ ಮಗು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ, ಹೊತ್ತವರು ನಿದ್ರೆ ಬಂತೆಂದೇ ತಿಳಿಯುತ್ತಾರೆ.

ಆದ್ದರಿಂದ ಮಗು ಚೀಲದೊಳಗೆ ಅಡ್ಡ ಮಲಗಿರದೆ ನೆಟ್ಟಗೆ, ಎದೆಗೆ ಎದೆ ತಾಗುವಂತೆ ಇರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರ, ಮುಖ ಯಾವಾಗಲೂ ಕಣ್ಣಿಗೆ ಕಾಣುವಂತೆ, ಗಲ್ಲದ ಕೆಳಗೆ ಬೆರಳು ಹೋಗುವಷ್ಟು ಜಾಗ. ಬಟ್ಟೆ ಸಡಿಲವಾಗಿ ಜೋತಾಡಬಾರದು, ಬೆನ್ನಿಗೆ ಆಧಾರವಿರಬೇಕು. ಸೀರೆಯ ಸೆರಗೋ ದುಪಟ್ಟಾವೋ ಮಗುವಿನ ಮುಖದ ಮೇಲೆ ಬೀಳದಂತೆ ನೋಡಬೇಕು. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಶೀತವಾಗಿ ಮೂಗು ಕಟ್ಟಿದ ಮಗುವಾದರೆ ಡಾಕ್ಟರನ್ನು ಕೇಳದೆ ಕಟ್ಟಿಕೊಳ್ಳಬಾರದು. ಕಾಲುಗಳು ನೇರವಾಗಿ ಜೋತಾಡುವ ಕ್ಯಾರಿಯರ್‌ಗಿಂತ ಎರಡೂ ತೊಡೆ ಅಗಲವಾಗಿ, ಮಂಡಿ ಕುಂಡೆಗಿಂತ ಸ್ವಲ್ಪ ಮೇಲಿರುವಂಥದು ಸೊಂಟದ ಕೀಲಿಗೆ ಒಳ್ಳೆಯದು. ಊರಿನ ಅಜ್ಜಿಯಂದಿರು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದ ಭಂಗಿಯೂ ಹೆಚ್ಚುಕಡಿಮೆ ಇದೇ.

ಖರ್ಚು ಉಳಿಸಲು ಟೇಲರ್ ಹತ್ತಿರ ಹೊಲಿಸಿಕೊಳ್ಳುವವರು ಉಂಗುರದ ವಿಷಯದಲ್ಲಿ ಜಿಪುಣತನ ಮಾಡದಿದ್ದರೆ ಒಳಿತು. ಪರದೆಗೆ ಹಾಕುವ ಉಂಗುರ ಬೆಸುಗೆಯಲ್ಲಿ ಬಿಟ್ಟುಕೊಂಡರೆ ಮಗು ಕೆಳಗೆ. ಭಾರ ತಡೆಯಲೆಂದೇ ಮಾಡಿದ, ಜೋಡಣೆಯಿಲ್ಲದ ಉಂಗುರ ಬೇಕು. ಮೇ ತಿಂಗಳ, ಅಕ್ಟೋಬರ್ ತಿಂಗಳ ಮುಂಬಯಿ ಸೆಕೆಗೆ ತೆಳು ಹತ್ತಿಯೇ ಸರಿ. ಮಗುವಿಗೆ ಒಳಗೆ ದಪ್ಪ ಅಂಗಿ ಬೇಡ. ಮಗುವನ್ನು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುವುದು, ಬಿಸಿ ಚಹಾ ಕುಡಿಯುವುದು ಬೇಡವೇ ಬೇಡ. ಎಸ್ಕಲೇಟರ್‌ನಲ್ಲಿ ಬಟ್ಟೆಯ ತುದಿಯನ್ನು ಸಿಕ್ಕಿಸಿಕೊಳ್ಳಬೇಕು.

ದ್ವಿಚಕ್ರ ವಾಹನದವರಿಗೆ ಒಂದು ಮಾತು. ಪುಣೆಯಲ್ಲಿರುವ ನಮ್ಮವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಸ್ಲಿಂಗ್‌ನಲ್ಲಿ ಮಗುವನ್ನು ಕಟ್ಟಿಕೊಂಡು ಸ್ಕೂಟರ್ ಹತ್ತುವುದು ಅಪಾಯ. 2022ರ ಫೆಬ್ರವರಿಯಲ್ಲಿ ಹೊರಟು ಮರುವರ್ಷದಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ 9 ತಿಂಗಳಿಂದ 4 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರಬಾರದು. ಸ್ಲಿಂಗ್ ಆ ಪಟ್ಟಿಯಲ್ಲ, ಬಿದ್ದರೆ ತಾಯಿಯ ಭಾರವೆಲ್ಲ ಮಗುವಿನ ಮೇಲೆ.

ಪ್ರ್ಯಾಮ್ ಕೊಂಡವರು ಬೇಸರಪಡಬೇಕಾಗಿಲ್ಲ. ವಿಶಾಲ ಕಾಂಪೌಂಡ್ ಇರುವ ಸೊಸೈಟಿಯಲ್ಲಿ, ಮಾಟುಂಗ-ದಾದರ್ ನಡುವಿನ ಫೈವ್ ಗಾರ್ಡನ್ಸ್‌ನಂಥ ನೆರಳಿನ ಪರಿಸರದಲ್ಲಿ ಗಾಡಿಯ ಸುಖವೇ ಬೇರೆ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಅಲ್ಲಿಗೂ ಒಯ್ಯಬಹುದು. ಸಿಸೇರಿಯನ್ ಆಗಿ ಹೊಲಿಗೆ ಮಾಯುತ್ತಿರುವ ತಾಯಿಗೆ, ಬೆನ್ನುನೋವಿನವರಿಗೆ, ಅವಳಿ ಮಕ್ಕಳಿರುವ ಮನೆಗೆ ಗಾಡಿಯೇ ಗತಿ. ಪ್ರಶ್ನೆ ಇರುವುದು ಸಾಲ ಮಾಡಿ ಕೊಂಡ ಗಾಡಿ ಚಾಳಿನ ಓಣಿಯಲ್ಲಿ ತುಕ್ಕು ಹಿಡಿಯುವಾಗ.

ಕುರ್ಲಾದ ಬಂಟರ ಭವನವಿರಲಿ, ಸಾಂತಾಕ್ರೂಜ್‌ನ ಬಿಲ್ಲವರ ಭವನವಿರಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ ಇರಲಿ, ವಾರ್ಷಿಕೋತ್ಸವಕ್ಕೋ ಯಕ್ಷಗಾನಕ್ಕೋ ಎಳೆ ಮಗುವಿನ ತಾಯಿ ಬರಬೇಕಾದರೆ ಎರಡು ಸೇತುವೆ, ಒಂದು ರಿಕ್ಷಾ ದಾಟಲೇಬೇಕು. ಮಗು ಹುಟ್ಟಿದ ಮೇಲೆ ಎರಡು ವರ್ಷ ಸಂಘದ ಕಡೆಗೇ ಸುಳಿಯದ ಯುವತಿಯರು ಎಲ್ಲ ಸಂಘಗಳಲ್ಲೂ ಇದ್ದಾರೆ. ಅರಸಿನ ಕುಂಕುಮದ ದಿನ ಮಹಿಳಾ ವಿಭಾಗದವರು ಅರ್ಧ ಗಂಟೆ ಬಿಡುವು ಮಾಡಿ, ಮಕ್ಕಳ ಡಾಕ್ಟರೊಬ್ಬರನ್ನು ಕರೆಸಿ, ಸ್ಲಿಂಗ್ ಕಟ್ಟುವ ಕ್ರಮವನ್ನು ತೋರಿಸಿಕೊಟ್ಟರೆ ಬಹಳ ಮಂದಿಗೆ ಉಪಕಾರ. ಗಂಡಂದಿರನ್ನೂ ಕೂರಿಸಬೇಕು. ಉಂಗುರ ಎಳೆದು ಬಿಗಿ ಮಾಡಲು ಹೆಣ್ಣಾಗಿರಬೇಕೆಂದೇನೂ ಇಲ್ಲ.

ಡೊಂಬಿವಲಿಯ ಮನೆಯಲ್ಲಿ ಈಗ ಸೊಸೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಬೆಳಗ್ಗಿನ ಲೋಕಲ್‌ನಲ್ಲಿ ಮಗು ಹೋಗುವುದಿಲ್ಲ, ಅಜ್ಜಿಯ ಬಳಿ ಇರುತ್ತದೆ. ಭಾನುವಾರ ಮುಲುಂಡ್‌ಗೆ ಹೋಗುವಾಗ ಮಗು ಅಪ್ಪನ ಎದೆಯ ಮೇಲೆ. ಬೀದಿಯಲ್ಲಿ ಕಟ್ಟಿಕೊಂಡು ಹೋಗುವುದು ಅತ್ತೆಗೆ ಇನ್ನೂ ಪೂರ್ತಿ ಸರಿಬಂದಿಲ್ಲ. ಆದರೆ ಸಂಜೆ ಮಗು ರಚ್ಚೆ ಹಿಡಿದಾಗ, ಬಾಗಿಲು ಹಾಕಿಕೊಂಡು, ಅದೇ ಸ್ಲಿಂಗ್ ಹಾಕಿಕೊಂಡು ಹಾಲ್‌ನಿಂದ ಅಡುಗೆಮನೆ ಬಾಗಿಲಿನ ತನಕ ಅಡ್ಡಾಡುವುದನ್ನು ಸೊಸೆ ಎರಡು ಸಲ ನೋಡಿದ್ದಾಳೆ, ನೋಡಿಯೂ ಏನೂ ಹೇಳಿಲ್ಲ. ಪ್ರ್ಯಾಮ್ ಗ್ಯಾಲರಿಯಲ್ಲಿದೆ. ಊರಿನಿಂದ ಬಸ್ಸಿನಲ್ಲಿ ಬಂದ ಕುಚ್ಚಲಕ್ಕಿ ಮೂಟೆಯನ್ನು ಸದ್ಯ ಅದರಲ್ಲಿ ಇಟ್ಟಿದ್ದಾರೆ.