ತಾರಸಿಯ ಮೇಲಿನ ತಂತಿ

ಹವ್ಯಾಸಿಗಳ ಹ್ಯಾಮ್ ರೇಡಿಯೊ ಎಂದರೆ ಎತ್ತರದ ಕಬ್ಬಿಣದ ಟವರ್, ಅದರ ತುದಿಯಲ್ಲಿ ತಿರುಗುವ ದುಬಾರಿ ಆಂಟೆನಾ ಎಂದುಕೊಂಡು ಹಿಂದೆ ಸರಿಯುವವರು ಬಹಳ. ಆದರೆ ನಾಡಿನೊಳಗೆ ಮಾತಾಡಬೇಕೆನ್ನುವವರಿಗೆ ಮನೆಯಲ್ಲೇ ಕಟ್ಟಿದ ತಾಮ್ರದ ತಂತಿ ಬಡವರ ಪಾಲಿನ ರಾಜಿಯಲ್ಲ, ಅದೇ ಸರಿಯಾದ ಆಯ್ಕೆ. 40 ಮೀಟರ್ ಬ್ಯಾಂಡನ್ನೇ ನೋಡಿ. 143ನ್ನು ಮೆಗಾಹರ್ಟ್ಸ್‌ನಲ್ಲಿನ ಆವರ್ತನದಿಂದ ಭಾಗಿಸಿದರೆ ಅರ್ಧ ತರಂಗದ ಡೈಪೋಲಿನ, ಅಂದರೆ ಎರಡು ತೋಳಿನ ತಂತಿಯ, ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1ಕ್ಕೆ ಸುಮಾರು 20.1 ಮೀಟರ್. ಇದನ್ನು ನಡುವೆ ಕತ್ತರಿಸಿ, ಪಿವಿಸಿ ಪೈಪಿನ ತುಂಡಿಗೆ ಎರಡೂ ತೋಳು ಬಿಗಿದು, ಕೋಆಕ್ಸ್ ಕೇಬಲಿನ ನಡುತಂತಿಯನ್ನು ಒಂದಕ್ಕೆ, ಹೊರಜಾಲರಿಯನ್ನು ಇನ್ನೊಂದಕ್ಕೆ ಬೆಸುಗೆ ಹಾಕಬೇಕು. ಬೆಸುಗೆಯ ಮೇಲೆ ಮಳೆನೀರು ಇಳಿಯದಂತೆ ಮುಚ್ಚುವುದನ್ನು ಮರೆತರೆ ಒಂದೇ ಮಳೆಗಾಲಕ್ಕೆ ಜಾಲರಿ ಹಸಿರುಗಟ್ಟುತ್ತದೆ. ನಡುಭಾಗವನ್ನು ಹತ್ತು ಮೀಟರ್ ಎತ್ತರದ ಬಿದಿರಿಗೇರಿಸಿ, ತೋಳುಗಳನ್ನು ನೈಲಾನ್ ಹಗ್ಗದಿಂದ ಎರಡು ಕಡೆಗೆ ಇಳಿಜಾರಾಗಿ ಎಳೆದರೆ ತಲೆಕೆಳಗಾದ ‘ವಿ’ ಸಿದ್ಧ.

ಇಷ್ಟು ತಗ್ಗಿದ್ದರೆ ದೂರ ಹೋಗುವುದೇ ಎಂಬ ಆಕ್ಷೇಪಣೆ ಸಹಜ. ತಗ್ಗಿನಲ್ಲಿರುವುದೇ ಇದರ ಬಲ. ತಗ್ಗಿನ ತಂತಿ ತನ್ನ ಶಕ್ತಿಯನ್ನು ಬಹುಪಾಲು ನೆತ್ತಿಯ ಕಡೆಗೆ ಚಿಮ್ಮುತ್ತದೆ. ಹಗಲಲ್ಲಿ ಅಯಾನುಗೋಲ ಅದನ್ನು ಕಾರಂಜಿಯ ನೀರಿನಂತೆ ಸುತ್ತಲೂ ಸುರಿಸುತ್ತದೆ. ಬೆಂಗಳೂರಿನ ತಾರಸಿಯಿಂದ ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿಗಳಿಗೆ ಬೇಕಾದದ್ದು ಇದೇ. ಎತ್ತರದ ಟವರಿನ ಆಂಟೆನಾ ದಿಗಂತದತ್ತ ಬಾಗಿ ಎಸೆಯುವುದರಿಂದ ಹತ್ತಿರದ ಊರುಗಳನ್ನು ದಾಟಿಬಿಡಬಹುದು. ರಾತ್ರಿ ಅಯಾನುಗೋಲ ತೆಳುವಾದಾಗ ನಮ್ಮ ತಂತಿಗೂ ಹತ್ತಿರದ ದನಿಗಳು ಕ್ಷೀಣಿಸುತ್ತವೆ ಎಂಬುದು ನಿಜ. ಆಗ ದೂರದವು ಕೇಳತೊಡಗುತ್ತವೆ.

ಮೊಬೈಲ್ ಇರುವಾಗ ಇದೇಕೆ ಎನ್ನುವವರು 2004ರ ಡಿಸೆಂಬರ್ 26ನ್ನು ನೆನೆಯಬೇಕು. ಸುನಾಮಿ ಅಂಡಮಾನಿನ ಫೋನ್ ಸಂಪರ್ಕವನ್ನು ಕಡಿದಾಗ, ಹ್ಯಾಮ್ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರ ರೇಡಿಯೊ ಅಲ್ಲಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಉರುಳಿದ ಟವರನ್ನು ಮತ್ತೆ ನಿಲ್ಲಿಸಲು ದಿನಗಳು ಬೇಕು. ತಂತಿ ಸುರುಳಿಯನ್ನು ಚೀಲದಲ್ಲಿ ಒಯ್ದು ಯಾವ ಮರಕ್ಕಾದರೂ ಕಟ್ಟಬಹುದು. ಪ್ರಸಾರ ಮಾಡಲು ಮಾತ್ರ ಪರೀಕ್ಷೆ ಪಾಸಾಗಿ ಸರ್ಕಾರದ ಪರವಾನಗಿ ಪಡೆದಿರಲೇಬೇಕು.

ಇನ್ನು ಕಟ್ಟುವ ಬಗ್ಗೆ ಕೆಲವು ಕಿವಿಮಾತು. ಮೊದಲು ತಂತಿಯನ್ನು ಅರ್ಧ ಮೀಟರ್ ಹೆಚ್ಚೇ ಇಟ್ಟುಕೊಳ್ಳಿ. ಕತ್ತರಿಸಿದ್ದು ಮತ್ತೆ ಬೆಳೆಯದು. ಆಂಟೆನಾದ ಹೊಂದಾಣಿಕೆ ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ 7.0ರಲ್ಲಿ ಕನಿಷ್ಠ ತೋರಿಸಿದರೆ ತಂತಿ ಉದ್ದವಾಗಿದೆ ಎಂದರ್ಥ. ಎರಡೂ ತುದಿಯಿಂದ ಸಮನಾಗಿ, ತಲಾ ಸುಮಾರು 14 ಸೆಂಟಿಮೀಟರ್ ಕತ್ತರಿಸಿದರೆ 7.1ಕ್ಕೆ ಬರುತ್ತದೆ. ವಿದ್ಯುತ್ ಲೈನಿನ ಹತ್ತಿರ ಸುಳಿಯಬೇಡಿ, ಗುಡುಗಿದರೆ ಕೇಬಲ್ ಕಳಚಿ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜ್ ಹೆಚ್ಚು, ಅವು ಮಕ್ಕಳ ಕೈಗೆಟುಕಬಾರದು. ಮರಕ್ಕೆ ಕಟ್ಟುವುದಾದರೆ ಹಗ್ಗ ಸ್ವಲ್ಪ ಸಡಿಲವಿರಲಿ, ಗಾಳಿಗೆ ಮರ ತೂಗುತ್ತದೆ.