ಮೇರಿಲ್ಯಾಂಡ್ ಶಾಸನಸಭೆಯ ವಿಶೇಷ ಅಧಿವೇಶನ, 1861

1861ರ ಮೇರಿಲ್ಯಾಂಡ್ ಶಾಸನಸಭೆಯ ವಿಶೇಷ ಅಧಿವೇಶನವು ಅಮೇರಿಕದ ಅಂತರ್ಯುದ್ಧ ಆರಂಭವಾದ ಎರಡು ವಾರಗಳಲ್ಲಿ ಸೇರಿದ ಆ ರಾಜ್ಯದ ದ್ವಿಸದನ ಶಾಸಕಾಂಗದ ಸಭೆ. ಏಪ್ರಿಲ್ 26ರಂದು ಫ್ರೆಡರಿಕ್ ಪಟ್ಟಣದಲ್ಲಿ ಆರಂಭವಾದ ಈ ಅಧಿವೇಶನವು ನಡುನಡುವೆ ಮುಂದೂಡಲ್ಪಡುತ್ತ ಆಗಸ್ಟ್‌ವರೆಗೆ ನಡೆಯಿತು. ಒಕ್ಕೂಟದಿಂದ ಬೇರ್ಪಡುವ ಅಧಿಕಾರ ತನಗಿಲ್ಲವೆಂದು ಸಭೆಯು ಆರಂಭದಲ್ಲಿಯೇ ತೀರ್ಮಾನಿಸಿತು. ಆದರೆ ಒಕ್ಕೂಟ ಸರ್ಕಾರದ ಯುದ್ಧವನ್ನೂ ಅದು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಸೈನ್ಯವು ಅನೇಕ ಸದಸ್ಯರನ್ನು ಬಂಧಿಸಿದ್ದರಿಂದ ಅಧಿವೇಶನ ಕೊನೆಗೊಂಡಿತು.

ಹಿನ್ನೆಲೆ

ಮೇರಿಲ್ಯಾಂಡ್ ಗುಲಾಮಗಿರಿ ಜಾರಿಯಲ್ಲಿದ್ದ ಗಡಿರಾಜ್ಯಗಳಲ್ಲಿ ಒಂದು. 1860ರ ಜನಗಣತಿಯಂತೆ ಅದರ ಒಟ್ಟು ಜನಸಂಖ್ಯೆ 6,87,049. ಅವರಲ್ಲಿ 87,189 ಮಂದಿ ಗುಲಾಮರು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ, ಅಂದರೆ 83,942 ಮಂದಿ ಸ್ವತಂತ್ರ ಕರಿಯರು. ರಾಜ್ಯದ ದಕ್ಷಿಣ ಭಾಗದ ಹೊಗೆಸೊಪ್ಪಿನ ಜಮೀನ್ದಾರರು ದಕ್ಷಿಣದ ರಾಜ್ಯಗಳ ಕಡೆಗೆ ಒಲವುಳ್ಳವರಾಗಿದ್ದರು. ಪಶ್ಚಿಮದ ಜಿಲ್ಲೆಗಳಲ್ಲಿ ಒಕ್ಕೂಟದ ಪರ ನಿಲುವು ಬಲವಾಗಿತ್ತು.

ರಾಜಧಾನಿ ವಾಷಿಂಗ್‌ಟನ್ ನಗರವನ್ನು ಮೂರು ಕಡೆಗಳಿಂದ ಮೇರಿಲ್ಯಾಂಡ್ ಸುತ್ತುವರಿದಿತ್ತು. ನದಿಯಾಚೆ ವರ್ಜೀನಿಯಾ ಇತ್ತು. ವರ್ಜೀನಿಯಾ 1861ರ ಏಪ್ರಿಲ್ 17ರಂದು ಬೇರ್ಪಡುವ ನಿರ್ಣಯ ಕೈಗೊಂಡ ಮೇಲೆ, ಮೇರಿಲ್ಯಾಂಡ್ ಕೂಡ ಅದೇ ಹಾದಿ ಹಿಡಿದರೆ ರಾಜಧಾನಿಯು ಶತ್ರುಪ್ರದೇಶದ ನಡುವೆ ಸಿಲುಕುವ ಸಂಭವವಿತ್ತು. ಉತ್ತರದ ರಾಜ್ಯಗಳಿಂದ ಬರುವ ರೈಲುಮಾರ್ಗವೂ ಬಾಲ್ಟಿಮೋರ್ ನಗರದ ಮೂಲಕವೇ ಹಾದುಬರಬೇಕಾಗಿತ್ತು.

ಅಧಿವೇಶನ ಕರೆದದ್ದು

ಮೇರಿಲ್ಯಾಂಡ್‌ನ ಚುನಾಯಿತ ಗವರ್ನರ್ ಥಾಮಸ್ ಹಾಲಿಡೇ ಹಿಕ್ಸ್ ಸ್ವತಃ ಗುಲಾಮರ ಒಡೆಯನಾಗಿದ್ದರೂ ಬೇರ್ಪಡುವಿಕೆಯನ್ನು ವಿರೋಧಿಸಿದ್ದನು. ಸಭೆ ಸೇರಿದರೆ ದಕ್ಷಿಣದ ಪಕ್ಷಪಾತಿಗಳಿಗೆ ಬಲ ಬಂದೀತೆಂದು ಅವನು ವಿಶೇಷ ಅಧಿವೇಶನ ಕರೆಯುವ ಒತ್ತಾಯವನ್ನು ತಿಂಗಳುಗಟ್ಟಲೆ ತಳ್ಳಿಹಾಕುತ್ತ ಬಂದನು.

ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಾಳಿ ನಡೆಯಿತು. ಮೂರು ದಿನಗಳ ನಂತರ ಅಧ್ಯಕ್ಷ ಅಬ್ರಹಾಂ ಲಿಂಕನ್ 75,000 ಸ್ವಯಂಸೈನಿಕರಿಗೆ ಕರೆ ನೀಡಿದನು. ಏಪ್ರಿಲ್ 19ರಂದು ಮ್ಯಾಸಚೂಸೆಟ್ಸ್‌ನ ಆರನೆಯ ದಳವು ಬಾಲ್ಟಿಮೋರ್ ಮೂಲಕ ಸಾಗುತ್ತಿದ್ದಾಗ ಜನರ ಗುಂಪು ಅದರ ಮೇಲೆ ಎರಗಿತು. ಈ ಘರ್ಷಣೆಯಲ್ಲಿ 4 ಸೈನಿಕರೂ 12 ನಾಗರಿಕರೂ ಸತ್ತರು. ಅದೇ ರಾತ್ರಿ ನಗರದ ಉತ್ತರಕ್ಕಿದ್ದ ರೈಲ್ವೆ ಸೇತುವೆಗಳನ್ನು ಸುಡಲಾಯಿತು.

ಇದರ ಬಳಿಕ ಹಿಕ್ಸ್ ಮಣಿಯಬೇಕಾಯಿತು. ಏಪ್ರಿಲ್ 26ರಂದು ರಾಜ್ಯದ ರಾಜಧಾನಿ ಅನಾಪೊಲಿಸ್‌ನಲ್ಲಿ ಸಭೆ ಸೇರಬೇಕೆಂದು ಅವನು ಏಪ್ರಿಲ್ 22ರಂದು ಪ್ರಕಟಿಸಿದನು. ಆದರೆ ಬೆಂಜಮಿನ್ ಬಟ್ಲರ್‌ನ ನಾಯಕತ್ವದ ಒಕ್ಕೂಟದ ಪಡೆಗಳು ಆ ಹೊತ್ತಿಗೆ ಅನಾಪೊಲಿಸ್‌ಗೆ ಬಂದಿಳಿದಿದ್ದವು. ಆದ್ದರಿಂದ ಹಿಕ್ಸ್ ಸಭೆಯ ಸ್ಥಳವನ್ನು ಒಕ್ಕೂಟದ ಪರ ಒಲವಿದ್ದ ಪಶ್ಚಿಮದ ಫ್ರೆಡರಿಕ್‌ಗೆ ಬದಲಾಯಿಸಿದನು. ಮೊದಲ ದಿನ ಜಿಲ್ಲಾ ನ್ಯಾಯಾಲಯದಲ್ಲಿ ಸೇರಿದ ಸಭೆಯು ಸ್ಥಳ ಸಾಲದೆ, ಚರ್ಚೊಂದಕ್ಕೆ ಸೇರಿದ್ದ ಕೆಂಪ್ ಹಾಲ್ ಎಂಬ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಬೇರ್ಪಡುವಿಕೆಯ ಪ್ರಶ್ನೆ

ಬೇರ್ಪಡುವ ಶಾಸನವನ್ನು ಅಂಗೀಕರಿಸಲು ತಮಗೆ ಸಂವಿಧಾನಾತ್ಮಕ ಅಧಿಕಾರವಿಲ್ಲವೆಂದು ಸೆನೆಟ್ ಸದಸ್ಯರು ಏಪ್ರಿಲ್ 27ರಂದು ರಾಜ್ಯದ ಜನತೆಯನ್ನುದ್ದೇಶಿಸಿದ ಹೇಳಿಕೆಯಲ್ಲಿ ಸರ್ವಾನುಮತದಿಂದ ತಿಳಿಸಿದರು. ಏಪ್ರಿಲ್ 29ರಂದು ಪ್ರತಿನಿಧಿ ಸಭೆಯು 53ಕ್ಕೆ 13 ಮತಗಳಿಂದ ಬೇರ್ಪಡುವಿಕೆಯ ವಿರುದ್ಧ ನಿರ್ಣಯಿಸಿತು.

ಈ ಮತದಾನವು ಒಕ್ಕೂಟ ಸರ್ಕಾರಕ್ಕೆ ದೊರೆತ ಬೆಂಬಲವಾಗಿರಲಿಲ್ಲ. ಶಾಸನಸಭೆಗೆ ಇಲ್ಲದ ಅಧಿಕಾರವು ಜನರಿಂದ ಆರಿಸಲ್ಪಟ್ಟ ವಿಶೇಷ ಸಮಾವೇಶಕ್ಕೆ ಇರಬಹುದೆಂಬ ವಾದ ಉಳಿದೇ ಇತ್ತು. ದಕ್ಷಿಣದ ಹಲವು ರಾಜ್ಯಗಳು ಬೇರ್ಪಟ್ಟದ್ದು ಅಂಥ ಸಮಾವೇಶಗಳ ಮೂಲಕವೇ. ಹೀಗಾಗಿ ಸಮಾವೇಶವನ್ನು ಕರೆಯಬೇಕೆ ಎಂಬುದು ಮುಂದಿನ ಮುಖ್ಯ ಪ್ರಶ್ನೆಯಾಯಿತು.

ಇದೇ ಅವಧಿಯಲ್ಲಿ ಸೆನೆಟ್‌ನಲ್ಲಿ ಸಾರ್ವಜನಿಕ ಸುರಕ್ಷತೆಯ ಮಸೂದೆಯೊಂದು ಮಂಡನೆಯಾಯಿತು. ರಾಜ್ಯದ ಸೈನಿಕ ವ್ಯವಹಾರಗಳ ಅಧಿಕಾರವನ್ನು ಗವರ್ನರ್‌ನಿಂದ ತೆಗೆದು ಒಂದು ಮಂಡಳಿಗೆ ಒಪ್ಪಿಸುವುದು ಅದರ ಉದ್ದೇಶ. ಬೇರ್ಪಡುವಿಕೆಯನ್ನು ಹಿಂಬಾಗಿಲಿನಿಂದ ತರುವ ಯತ್ನವಿದೆಂದು ಒಕ್ಕೂಟದ ಪರವಾದಿಗಳು ಬಲವಾಗಿ ವಿರೋಧಿಸಿದ್ದರಿಂದ ಮಸೂದೆಯನ್ನು ಸಮಿತಿಗೆ ಮರಳಿಸಲಾಯಿತು. ಅದು ಮುಂದೆ ಅಂಗೀಕಾರವಾಗಲಿಲ್ಲ.

ಮೇ ತಿಂಗಳ ನಿರ್ಣಯಗಳು

ಬಾಲ್ಟಿಮೋರ್‌ನ ವಕೀಲ ಎಸ್. ಟೀಕಲ್ ವಾಲಿಸ್ ಪ್ರತಿನಿಧಿ ಸಭೆಯ ಒಕ್ಕೂಟ ಸಂಬಂಧಗಳ ಸಮಿತಿಯ ಅಧ್ಯಕ್ಷನಾಗಿದ್ದನು. ಅವನ ಸಮಿತಿಯ ವರದಿಯ ಆಧಾರದ ಮೇಲೆ ಮೇ 10ರಂದು ಸಭೆಯು ನಿರ್ಣಯಗಳನ್ನು ಅಂಗೀಕರಿಸಿತು. ಯುದ್ಧವು ಸಂವಿಧಾನಕ್ಕೆ ವಿರುದ್ಧವೆಂದೂ, ದಕ್ಷಿಣದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿ ಶಾಂತಿ ಸ್ಥಾಪಿಸಬೇಕೆಂದೂ, ರಾಜ್ಯದಲ್ಲಿ ಒಕ್ಕೂಟದ ಸೈನ್ಯ ಬೀಡುಬಿಟ್ಟಿರುವುದು ಖಂಡನೀಯವೆಂದೂ ಅವು ಹೇಳಿದವು. ಆದರೆ ಸಮಾವೇಶ ಕರೆಯುವುದು ಸದ್ಯಕ್ಕೆ ಉಚಿತವಲ್ಲವೆಂದು ಅದೇ ನಿರ್ಣಯಗಳಲ್ಲಿ ತಿಳಿಸಲಾಯಿತು. ದಕ್ಷಿಣಕ್ಕೆ ಸಹಾನುಭೂತಿ ತೋರಿಯೂ ರಾಜ್ಯವನ್ನು ಯುದ್ಧದಿಂದ ಹೊರಗಿಡುವ ತಟಸ್ಥ ನಿಲುವು ಇದಾಗಿತ್ತು.

ಮೇ 13ರ ರಾತ್ರಿ ಬಟ್ಲರ್‌ನ ಪಡೆಗಳು ಬಾಲ್ಟಿಮೋರ್‌ನ ಫೆಡರಲ್ ಹಿಲ್ ಗುಡ್ಡವನ್ನು ವಶಪಡಿಸಿಕೊಂಡವು. ಮರುದಿನ ಸಭೆ ಮುಂದೂಡಲ್ಪಟ್ಟಿತು. ಫ್ರೆಡರಿಕ್‌ನಿಂದ ಮರಳುತ್ತಿದ್ದ ಪ್ರತಿನಿಧಿ ರಾಸ್ ವೈನಾನ್ಸ್‌ನನ್ನು ಅದೇ ದಿನ ಬಂಧಿಸಿ, ಸ್ವಲ್ಪ ಕಾಲದ ನಂತರ ಬಿಡುಗಡೆ ಮಾಡಲಾಯಿತು.

ಹೇಬಿಯಸ್ ಕಾರ್ಪಸ್ ವಿವಾದ

ಶಾಸನಸಭೆಯನ್ನು ಮೊದಲೇ ಬಂಧಿಸುವುದು ಸಮರ್ಥನೀಯವಲ್ಲವೆಂದು ಲಿಂಕನ್ ಏಪ್ರಿಲ್ 25ರಂದು ಸೇನಾಧಿಪತಿ ವಿನ್‌ಫೀಲ್ಡ್ ಸ್ಕಾಟ್‌ಗೆ ಬರೆದಿದ್ದನು. ಸಭೆ ಸೇರಲು ಸದಸ್ಯರಿಗೆ ಕಾನೂನಿನ ಹಕ್ಕಿದೆ, ಅವರ ಉದ್ದೇಶವೇನೆಂದು ಮುಂಚಿತವಾಗಿ ತಿಳಿಯಲಾಗದು, ಚದುರಿಸಿದರೂ ಅವರು ಬೇರೆಡೆ ಸೇರಬಲ್ಲರು ಎಂಬುವು ಅವನ ಕಾರಣಗಳು. ಅವರು ಒಕ್ಕೂಟದ ವಿರುದ್ಧ ಜನರನ್ನು ಶಸ್ತ್ರಸಜ್ಜಿತಗೊಳಿಸಿದರೆ ಮಾತ್ರ ಕಠಿಣ ಕ್ರಮ ಕೈಗೊಳ್ಳಬೇಕೆಂದು ಅವನು ಸೂಚಿಸಿದನು. ಎರಡು ದಿನಗಳ ನಂತರ ಫಿಲಡೆಲ್ಫಿಯಾದಿಂದ ವಾಷಿಂಗ್‌ಟನ್‌ವರೆಗಿನ ಸೈನಿಕ ಮಾರ್ಗದಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧಿತನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವಂತೆ ಕೇಳುವ ಹಕ್ಕನ್ನು, ಅಮಾನತುಗೊಳಿಸಲು ಸ್ಕಾಟ್‌ಗೆ ಅಧಿಕಾರ ನೀಡಿದನು.

ಮೇ 25ರಂದು ಜಾನ್ ಮೆರಿಮನ್ ಎಂಬ ಮೇರಿಲ್ಯಾಂಡ್‌ನ ಪ್ರಜೆಯನ್ನು ಸೈನ್ಯ ಬಂಧಿಸಿತು. ಹಕ್ಕನ್ನು ಅಮಾನತುಗೊಳಿಸುವ ಅಧಿಕಾರ ಕಾಂಗ್ರೆಸ್‌ಗೆ ಇದೆಯೇ ಹೊರತು ಅಧ್ಯಕ್ಷನಿಗಿಲ್ಲವೆಂದು ಮುಖ್ಯ ನ್ಯಾಯಾಧೀಶ ರೋಜರ್ ಟೇನಿ ಈ ಪ್ರಕರಣದಲ್ಲಿ ಅಭಿಪ್ರಾಯಪಟ್ಟನು. ಸರ್ಕಾರ ಅದನ್ನು ಪಾಲಿಸಲಿಲ್ಲ. ಜೂನ್ ಹಾಗೂ ಆಗಸ್ಟ್ ತಿಂಗಳ ಸಭೆಗಳಲ್ಲಿ ಶಾಸನಸಭೆಯು ಇಂತಹ ಬಂಧನಗಳನ್ನು ಪ್ರತಿಭಟಿಸಿತು.

ಸೆಪ್ಟೆಂಬರ್ ಬಂಧನಗಳು

ಸಭೆಯು ಸೆಪ್ಟೆಂಬರ್ 17ರಂದು ಮತ್ತೆ ಸೇರಬೇಕಿತ್ತು. ಜುಲೈನಲ್ಲಿ ಬುಲ್ ರನ್ ಕದನದಲ್ಲಿ ಸೋತಿದ್ದ ಒಕ್ಕೂಟ ಸರ್ಕಾರವು ಈ ಬಾರಿ ಕಾದು ನೋಡಲಿಲ್ಲ. ಬೇರ್ಪಡುವ ಶಾಸನ ಅಂಗೀಕಾರವಾಗದಂತೆ ತಡೆಯಬೇಕೆಂದೂ, ಅಗತ್ಯವಿದ್ದರೆ ಸದಸ್ಯರೆಲ್ಲರನ್ನೂ ಬಂಧಿಸಬಹುದೆಂದೂ ಯುದ್ಧ ಕಾರ್ಯದರ್ಶಿ ಸೈಮನ್ ಕ್ಯಾಮರಾನ್ ಸೆಪ್ಟೆಂಬರ್ 11ರಂದು ಜನರಲ್ ನಥಾನಿಯಲ್ ಬ್ಯಾಂಕ್ಸ್‌ಗೆ ಆದೇಶಿಸಿದನು. ಮುಂದಿನ ದಿನಗಳಲ್ಲಿ ಬಾಲ್ಟಿಮೋರ್‌ನಲ್ಲಿ ವಾಲಿಸ್ ಸೇರಿದಂತೆ ಹಲವು ಶಾಸಕರನ್ನೂ ಮೇಯರ್ ಜಾರ್ಜ್ ವಿಲಿಯಂ ಬ್ರೌನ್‌ನನ್ನೂ ಸೆರೆಹಿಡಿಯಲಾಯಿತು. ಫ್ರೆಡರಿಕ್‌ಗೆ ಬಂದ ಸದಸ್ಯರನ್ನು ವಿಸ್ಕಾನ್ಸಿನ್‌ನ ಮೂರನೆಯ ದಳ ಬಂಧಿಸಿತು. ಕೋರಂ ಇಲ್ಲದೆ ಸಭೆ ನಡೆಯಲಿಲ್ಲ.

ಬಂಧನದ ಕಾರಣಗಳನ್ನು ಸಾರ್ವಜನಿಕ ಸುರಕ್ಷತೆಗಾಗಿ ಸದ್ಯಕ್ಕೆ ಪ್ರಕಟಿಸಲಾಗದು, ತಕ್ಕ ಸಮಯದಲ್ಲಿ ತಿಳಿಸಲಾಗುವುದು ಎಂದು ಲಿಂಕನ್ ಹೇಳಿಕೆ ನೀಡಿದನು. ಬಂಧಿತರನ್ನು ವಿಚಾರಣೆಗೆ ಒಳಪಡಿಸದೆ ಸೈನಿಕ ಕೋಟೆಗಳಲ್ಲಿ ಇರಿಸಲಾಯಿತು. ವಾಲಿಸ್, ಬ್ರೌನ್ ಮೊದಲಾದವರಿಗೆ ಬಿಡುಗಡೆ ದೊರೆತದ್ದು 1862ರ ನವೆಂಬರ್‌ನಲ್ಲಿ.

ಪರಿಣಾಮ ಮತ್ತು ಮಹತ್ವ

1861ರ ನವೆಂಬರ್ ಚುನಾವಣೆಯಲ್ಲಿ ಒಕ್ಕೂಟದ ಪರವಾದ ಆಗಸ್ಟಸ್ ಬ್ರಾಡ್‌ಫೋರ್ಡ್ ಗವರ್ನರ್ ಆಗಿ ಆಯ್ಕೆಯಾದನು. ಹೊಸ ಶಾಸನಸಭೆಯಲ್ಲಿಯೂ ಒಕ್ಕೂಟದ ಪರ ಬಹುಮತವಿತ್ತು. 1864ರಲ್ಲಿ ಕೇವಲ 375 ಮತಗಳ ಅಂತರದಿಂದ ಅಂಗೀಕೃತವಾದ ಹೊಸ ರಾಜ್ಯ ಸಂವಿಧಾನವು ನವೆಂಬರ್ 1ರಿಂದ ಮೇರಿಲ್ಯಾಂಡ್‌ನಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿತು.

ಫ್ರೆಡರಿಕ್ ಅಧಿವೇಶನದ ಮೌಲ್ಯಮಾಪನದಲ್ಲಿ ಎರಡು ದೃಷ್ಟಿಗಳಿವೆ. ರಾಜಧಾನಿಯ ರಕ್ಷಣೆಗೆ ಬಂಧನಗಳು ಅನಿವಾರ್ಯವಾಗಿದ್ದವೆಂಬುದು ಒಂದು. ಬೇರ್ಪಡುವಿಕೆಯನ್ನು ಆಗಲೇ ತಿರಸ್ಕರಿಸಿದ್ದ ಸಭೆಯನ್ನು, ಅದು ಮಾಡಿದ ಕೃತ್ಯಕ್ಕಾಗಿ ಅಲ್ಲದೆ ಮುಂದೆ ಮಾಡಬಹುದೆಂಬ ಶಂಕೆಯಿಂದ ಮೌನಗೊಳಿಸಲಾಯಿತೆಂಬುದು ಇನ್ನೊಂದು. ಉದ್ದೇಶವನ್ನು ಮುಂಚಿತವಾಗಿ ತಿಳಿಯಲಾಗದೆಂದು ಏಪ್ರಿಲ್‌ನಲ್ಲಿ ಲಿಂಕನ್ ನೀಡಿದ್ದ ಕಾರಣವನ್ನು ಸೆಪ್ಟೆಂಬರ್‌ನಲ್ಲಿ ಅವನ ಸರ್ಕಾರವೇ ಬದಿಗಿರಿಸಿತು. ಯುದ್ಧಕಾಲದಲ್ಲಿ ಚುನಾಯಿತ ಶಾಸಕಾಂಗದ ಮೇಲೆ ಕಾರ್ಯಾಂಗದ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಈ ಪ್ರಸಂಗವು ಇಂದಿಗೂ ಉದಾಹರಣೆಯಾಗಿದೆ.