ಮನೆಯೊಳಗಿನ ಕಣ್ಣು

1981ನೆಯ ಇಸವಿ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದಾಗ, ದಂಡು ಪ್ರದೇಶದಲ್ಲಿ ಟಿ.ವಿ. ಇದ್ದ ಮನೆಗಳು ವಿರಳವಾಗಿದ್ದುವು. ಚಲನಚಿತ್ರ ಪ್ರಸಾರವಾಗುವ ಸಂಜೆ ಹಲಸೂರಿನ ಓಣಿಗಳಲ್ಲಿಯೂ ಶಿವಾಜಿನಗರದ ವಠಾರಗಳಲ್ಲಿಯೂ ಅಂತಹ ಮನೆಯ ನಡುಮನೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಒಳಗೆ ಜಾಗ ಸಿಗದ ಮಕ್ಕಳು ಕಿಟಕಿಯ ಸರಳುಗಳನ್ನು ಹಿಡಿದು ನಿಲ್ಲುತ್ತಿದ್ದರು. ಆ ಮನೆಯವರು ಏನನ್ನು ನೋಡುತ್ತಿರುವರೆಂಬುದು ಇಡೀ ಕೇರಿಗೆ ಗೊತ್ತು. ಕಾರ್ಯಕ್ರಮವನ್ನು ಕಳುಹಿಸಿದ ಕೇಂದ್ರಕ್ಕೆ ಮಾತ್ರ ಅದು ತಿಳಿಯುವಂತಿರಲಿಲ್ಲ. ಕೇಂದ್ರವು ಅಲೆಗಳನ್ನು ಆಕಾಶಕ್ಕೆ ಬಿಡುತ್ತಿತ್ತು. ಮಾಳಿಗೆಯ ಮೇಲಿನ ಆಂಟೆನಾ ಅವನ್ನು ಹಿಡಿಯುತ್ತಿತ್ತು. ಮರಳಿ ಒಂದು ಮಾತನ್ನಾದರೂ ಹೇಳುವ ಶಕ್ತಿ ಆ ಕಂಬಿಗಳಿಗೆ ಇರಲಿಲ್ಲ.

ಇಂದು ಇಂದಿರಾನಗರದ ಅಂಗಡಿಗಳಲ್ಲಿ ಮಾರಾಟಕ್ಕಿರುವ ಸ್ಮಾರ್ಟ್ ಟಿ.ವಿ. ಆ ಜಾತಿಗೆ ಸೇರಿದುದಲ್ಲ. ಅದು ದೊಡ್ಡ ತೆರೆಯುಳ್ಳ ಗಣಕಯಂತ್ರ. ವೈ-ಫೈ ಮೂಲಕ ಅಂತರ್ಜಾಲಕ್ಕೆ ಸೇರಿದೊಡನೆ ಅದಕ್ಕೆ ಕೇಳುವ ಕಿವಿಯೊಂದಿಗೆ ಹೇಳುವ ಬಾಯಿಯೂ ಬರುತ್ತದೆ. ಇಂತಹ ಅನೇಕ ಯಂತ್ರಗಳಲ್ಲಿ, ತೆರೆಯ ಮೇಲೆ ಮೂಡಿದುದನ್ನು ಗುರುತಿಸುವ ಒಂದು ಏರ್ಪಾಡು ಅಡಗಿರುತ್ತದೆ. ಅದು ಚಿತ್ರದಿಂದಲೋ ಧ್ವನಿಯಿಂದಲೋ ಕ್ಷಣಕ್ಷಣಕ್ಕೂ ಸ್ವಲ್ಪ ಭಾಗವನ್ನು ಆಯ್ದು, ಅದನ್ನು ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ಮನುಷ್ಯನಿಗೆ ಬೆರಳಚ್ಚು ಹೇಗೋ, ದೃಶ್ಯಕ್ಕೆ ಈ ಅಂಕಿಗಳು ಹಾಗೆ. ದೂರದಲ್ಲಿರುವ ಕಂಪನಿಯ ಗಣಕಯಂತ್ರವು ಆ ಅಚ್ಚನ್ನು ತನ್ನ ಸಂಗ್ರಹದೊಡನೆ ಹೋಲಿಸಿ, ಮನೆಯವರು ಯಾವ ಕಾರ್ಯಕ್ರಮದ ಯಾವ ನಿಮಿಷದಲ್ಲಿದ್ದಾರೆಂಬುದನ್ನು ತಿಳಿದುಕೊಳ್ಳುತ್ತದೆ. ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟಿ.ವಿ.ಗೆ ಹೊರಗಿನ ಬೇರೊಂದು ಉಪಕರಣವನ್ನು ಜೋಡಿಸಿ ನೋಡುವಾಗಲೂ ಈ ಗುರುತಿಸುವಿಕೆ ನಡೆಯಬಲ್ಲದು.

ನೋಡಿದರೆ ನೋಡಲಿ, ಹೋಗುವುದೇನು ಎನ್ನುವವರುಂಟು. ಒಂದು ವರ್ಷದ ಇಂತಹ ದಾಖಲೆಯನ್ನು ಕೈಯಲ್ಲಿ ಹಿಡಿದವನಿಗೆ ಆ ಮನೆಯ ಭಾಷೆ ತಿಳಿಯುತ್ತದೆ. ಕನ್ನಡ, ತಮಿಳು, ಉರ್ದು ನೆರೆನೆರೆಯಾಗಿ ಬಾಳುವ ಹಲಸೂರು, ಶಿವಾಜಿನಗರಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮನೆಯವರು ಯಾವ ದೇವರ ಪ್ರವಚನ ಕೇಳುವರು, ಯಾವ ಪಕ್ಷದ ಭಾಷಣಕ್ಕೆ ಕಿವಿಗೊಡುವರು, ಯಾವ ಕಾಯಿಲೆಯ ಬಗ್ಗೆ ವೈದ್ಯರ ಮಾತನ್ನು ಎರಡೆರಡು ಬಾರಿ ಹಾಕಿಸಿಕೊಳ್ಳುವರು, ರಾತ್ರಿ ಎಷ್ಟು ಹೊತ್ತಿನವರೆಗೆ ನಿದ್ದೆಯಿಲ್ಲದೆ ಕುಳಿತಿರುವರು ಎಂಬುದೂ ತಿಳಿಯುತ್ತದೆ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿಯು 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ಹೀಗೆ ಮಾಹಿತಿಯನ್ನು ಸಂಗ್ರಹಿಸಿ ಇತರರಿಗೆ ಮಾರಿತೆಂಬ ಆರೋಪಕ್ಕೆ ಗುರಿಯಾಗಿ, 2017ರಲ್ಲಿ 22 ಲಕ್ಷ ಡಾಲರುಗಳನ್ನು ತೆತ್ತು ರಾಜಿಯಾಯಿತು. ವೀಕ್ಷಕರ ಲೆಕ್ಕವನ್ನು ತೆಗೆದುಕೊಳ್ಳುವುದೇ ತಪ್ಪೆಂದಲ್ಲ. ನಮ್ಮ ದೇಶದಲ್ಲಿ ಬಾರ್ಕ್ ಸಂಸ್ಥೆಯು ಆಯ್ದ ಮನೆಗಳಲ್ಲಿ ಅಳತೆಯ ಯಂತ್ರವನ್ನು ಇರಿಸುತ್ತದೆ. ಆದರೆ ಆ ಮನೆಯವರಿಗೆ ಅದು ಗೊತ್ತಿರುತ್ತದೆ, ನೋಡಲು ಕುಳಿತವರು ತಮ್ಮ ತಮ್ಮ ಗುಂಡಿಯನ್ನು ತಾವೇ ಒತ್ತುತ್ತಾರೆ.

ಮನೆಯೊಳಗೆ ಇಣುಕುವ ಅಧಿಕಾರ ಯಾರಿಗುಂಟು ಎಂಬ ಪ್ರಶ್ನೆ ಟಿ.ವಿ.ಗಿಂತ ಹಳೆಯದು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮನೆಯ ಬಾಗಿಲನ್ನು ಪೊಲೀಸರು ರಾತ್ರಿವೇಳೆ ತಟ್ಟುತ್ತಿದ್ದುದು ಸರಿಯಲ್ಲವೆಂದು 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದರೂ ಖಾಸಗಿತನವು ಸಂವಿಧಾನವು ಕೊಟ್ಟ ಹಕ್ಕಲ್ಲವೆಂದು ಬಹುಮತದ ನ್ಯಾಯಾಧೀಶರು ಹೇಳಿದರು. ಐವತ್ತು ವರ್ಷಗಳ ಅನಂತರ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ದೆಹಲಿಯ ಆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಬೆಂಗಳೂರಿನ ಈ ಹಿರಿಯರಿಗೆ ಆಗ 86 ವರ್ಷ. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಕೈಯನ್ನು ತಡೆಯುವಂಥದು. ಕಂಪನಿಗಳ ಕೈಯನ್ನು ತಡೆಯಲು ಪ್ರತ್ಯೇಕ ಕಾನೂನು ಬೇಕಾಯಿತು. ಅದಕ್ಕಾಗಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ಅದರಂತೆ, ಒಪ್ಪಿಗೆಯನ್ನು ಕೇಳುವಾಗ ಏತಕ್ಕೆಂದು ತಿಳಿಸಬೇಕು. ಬೇಕೆಂದವರಿಗೆ ಕನ್ನಡದಲ್ಲಿಯೇ ತಿಳಿಸಬೇಕು. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಅವಕಾಶವಿರಬೇಕು. ಹದಿನೆಂಟು ತುಂಬದ ಮಕ್ಕಳ ನಡವಳಿಕೆಯ ಬೆನ್ನು ಹತ್ತುವಂತಿಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದುವು. ಮುಖ್ಯ ಕಟ್ಟಳೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವನ್ನು ಇಡಲಾಯಿತು.

ಇಷ್ಟೆಲ್ಲ ನಡೆದು ಬಂದ ಹಕ್ಕು ಬಹುತೇಕ ಮನೆಗಳಲ್ಲಿ ಅರ್ಧ ನಿಮಿಷದಲ್ಲಿ ಕೈತಪ್ಪುತ್ತದೆ. ಹೊಸ ಟಿ.ವಿ.ಯನ್ನು ಗೋಡೆಗೆ ಜೋಡಿಸಲು ಬಂದ ಕೆಲಸಗಾರನು, ಇನ್ನೂ ನಾಲ್ಕು ಮನೆಗೆ ಹೋಗಬೇಕಾದ ಅವಸರದಲ್ಲಿ, ತೆರೆಯ ಮೇಲೆ ಬಂದ ಷರತ್ತುಗಳಿಗೆಲ್ಲ ‘ಒಪ್ಪಿದೆ’ ಎಂದು ತಾನೇ ಒತ್ತಿಬಿಡುತ್ತಾನೆ. ಮನೆಯವರು ಆಗ ಅವನಿಗೆ ಕಾಫಿ ತರಲು ಒಳಗೆ ಹೋಗಿರುತ್ತಾರೆ! ರಿಮೋಟನ್ನು ಅವನ ಕೈಯಿಂದ ಕೇಳಿ ಪಡೆಯುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ಆಗಲೇ ಒತ್ತಿ ಆಗಿದ್ದರೂ ಸೆಟ್ಟಿಂಗ್ಸ್ ಭಾಗದಲ್ಲಿ ಅದನ್ನು ಬದಲಾಯಿಸಬಹುದು. ಗುರುತಿಸುವ ಏರ್ಪಾಡಿಗೆ ಅಲ್ಲಿ ನೇರವಾದ ಹೆಸರಿರುವುದು ಅಪರೂಪ: ಸ್ಯಾಮ್‌ಸಂಗ್ ಮಾದರಿಗಳಲ್ಲಿ ಅದು ‘ವ್ಯೂಯಿಂಗ್ ಇನ್‌ಫರ್ಮೇಷನ್ ಸರ್ವೀಸಸ್’, ಎಲ್‌ಜಿ ಮಾದರಿಗಳಲ್ಲಿ ‘ಲೈವ್ ಪ್ಲಸ್’. ಅದನ್ನು ಆರಿಸಿದರೂ ಚಿತ್ರಕ್ಕಾಗಲಿ ಧ್ವನಿಗಾಗಲಿ ಊನವಾಗದು. ಮೇಲೆ ಹೇಳಿದ ಅಧ್ಯಯನದಲ್ಲಿ, ಅನುಮತಿಯನ್ನು ಹಿಂದಕ್ಕೆ ಪಡೆದ ಯಂತ್ರಗಳು ಬೆರಳಚ್ಚುಗಳನ್ನು ಕಳುಹಿಸುವುದನ್ನು ನಿಲ್ಲಿಸಿದ್ದುವು.

ಅಂತರ್ಜಾಲದ ಚಲನಚಿತ್ರ ಸೇವೆಗಳು ತಮ್ಮ ವೀಕ್ಷಕರ ಲೆಕ್ಕವನ್ನು ತಾವೇ ಬೇರೆಯಾಗಿ ಇಡುವುದರಿಂದ, ಅದು ಇಷ್ಟರಿಂದ ನಿಲ್ಲುವುದಿಲ್ಲ. ಅಂತಹ ಸೇವೆಗಳು ಬೇಡವಾದ ಮನೆಯವರು ಟಿ.ವಿ.ಗೆ ವೈ-ಫೈ ಗುಪ್ತಪದವನ್ನೇ ಕೊಡದಿದ್ದರಾಯಿತು. ಕೆ.ಆರ್. ಪುರದ ಮನೆಯೊಂದರಲ್ಲಿ ಸಂಜೆಯ ವಾರ್ತೆಗಾಗಿ ಮಾತ್ರ ಟಿ.ವಿ. ಹಾಕುವ ಅಜ್ಜಿಗೆ ಕೇಬಲ್ ಪೆಟ್ಟಿಗೆಯೊಂದೇ ಸಾಕು. ಆಗ ಆ ಹೊಸ ಯಂತ್ರವು 1981ರ ಟಿ.ವಿ.ಯಂತೆ ತೋರಿಸುತ್ತದೆಯೇ ಹೊರತು ತನ್ನ ತಯಾರಕರಿಗೆ ಏನನ್ನೂ ಹೇಳಲಾರದು.